ಮುಂದಿನದು ಮಾಮೂಲಿ

ಮೂವತ್ತಾರು ವರ್ಷದಿಂದ ಶಿಕಾರಿಪುರದಲ್ಲಿ ಪತ್ರ ಬರೆಯುತ್ತಿದ್ದೇನೆ. ಕ್ರಯ, ವಿಭಾಗ, ದಾನ, ಭೋಗ್ಯ, ಮರಣಶಾಸನ, ಹೀಗೆ ನೆಲ ಮತ್ತು ಮನೆಗಳ ಮೇಲೆ ಮನುಷ್ಯರು ಏನೇನು ಬರೆಸಿಕೊಳ್ಳಬಹುದೋ ಎಲ್ಲವನ್ನೂ ಬರೆದಿದ್ದೇನೆ. ನಾನು ಬರೆದ ಒಂದೇ ಒಂದು ಪತ್ರವೂ ಕೋರ್ಟಿನಲ್ಲಿ ಬಿದ್ದಿಲ್ಲ. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ ಅಂತ ನನ್ನ ಹೆಂಡತಿ ನೀಲಾಂಬಿಕಳಿಗೆ ಬೇಸರ. ಉಚ್ಚಂಗಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಊರವರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಜನರ ಅಡ್ಡಾದಿಡ್ಡಿ ಮಾತನ್ನು ದಿನವಿಡೀ ನೇರ ಮಾಡಿ ಕಾಗದಕ್ಕಿಳಿಸುವವನಿಗೆ ಕೋಪ ಬರದೆ ಇನ್ನೇನು ಬರುತ್ತದೆ?

ಕಳೆದ ಜನವರಿಯ ಒಂದು ಸೋಮವಾರ ಬೆಳಿಗ್ಗೆ ಬಸವಣ್ಣೆಮ್ಮ ನನ್ನ ಮೇಜಿನ ಮುಂದೆ ಬಂದು ನಿಂತಳು. ನಮ್ಮ ಕಡೆ ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರು ಹಾಕುವವಳು ಆಕೆ. ಐವತ್ತೆಂಟು ವರ್ಷ, ಗಟ್ಟಿ ಆಳು. ಕರೆದರೆ ಬಳ್ಳಿಗಾವಿಗೂ ಹೋಗುತ್ತಾಳೆ, ಸೊರಬಕ್ಕೆ ಹೋದರೆ ತಿಂಗಳುಗಟ್ಟಲೆ ಬಾಣಂತಿಯ ಮನೆಯಲ್ಲೇ ಉಳಿಯುತ್ತಾಳೆ. ನನ್ನ ಮಗಳು ರಕ್ಷಿತಾಳ ಬಾಣಂತನವನ್ನೂ ಮಾಡಿದ್ದು ಆಕೆಯೇ. ಅವತ್ತು ಜೊತೆಯಲ್ಲಿ ಹೆಗಲಿಗೆ ಕಪ್ಪು ಚೀಲ ಹಾಕಿಕೊಂಡ, ಮೂವತ್ತು ಮೂವತ್ತೆರಡರ ಒಬ್ಬ ಹೆಣ್ಣುಮಗಳಿದ್ದಳು. ಸೊರಬದ ವಾಗ್ದೇವಿ, ಫೋಟೋ ತೆಗೆಯುವುದು ಕೆಲಸ. ಇಬ್ಬರ ನಡುವೆ ಒಂದು ಪತ್ರ ಆಗಬೇಕಿತ್ತು. ನಾನು ಪೆನ್ನು ತೆಗೆದು ಸರ್ವೆ ನಂಬರ್ ಕೇಳಿದೆ.

“ಜಮೀನಿಂದಲ್ರಿ ಅಣ್ಣಾ, ಪಟದ್ದು,” ಅಂದಳು ಬಸವಣ್ಣೆಮ್ಮ. “ಈಕೆ ನನ್ನ ಪಟ ತೆಗಿತಾಳ್ರಿ. ಮೈಮೇಲೆ ಬಟ್ಟೆ ಇಲ್ದಂಗೆ.”

ಪಕ್ಕದ ಮೇಜಿನ ಪತ್ರಬರಹಗಾರ ಚಿಕ್ಕಬೀರಪ್ಪನ ಕಿವಿ ನಮ್ಮ ಕಡೆ ತಿರುಗಿದ್ದು ನನಗೆ ಕಂಡಿತು. ನಾನು ಇಬ್ಬರನ್ನೂ ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿ, ಬಾಯಿಗೆ ಬಂದ ಹಾಗೆ ಬೈದೆ. ಇದು ಮರ್ಯಾದಸ್ಥರು ಬರುವ ಜಾಗ ಅಂದೆ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಅಂದೆ. ಪಟ್ಟಣದಲ್ಲಿ ಓದಿ ಬಂದವರು ಹಳ್ಳಿಯ ಹೆಂಗಸರ ತಲೆ ಕೆಡಿಸುತ್ತಾರೆ ಎಂದು ವಾಗ್ದೇವಿಗೂ ಒಂದೆರಡು ಬಿಗಿದೆ. ಬಸವಣ್ಣೆಮ್ಮ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು ಕೂತಿದ್ದಳು. ನನ್ನ ಉಸಿರು ಮುಗಿದ ಮೇಲೆ, ಬೈದು ಆಗಿದ್ದರೆ ಬರೆದುಕೊಳ್ಳಿ ಅಂದಳು.

ಸತ್ಯ ಹೇಳಬೇಕೆಂದರೆ, ಕೋಪ ಇಳಿದ ಮೇಲೆ ನನಗೆ ಕುತೂಹಲ ಹತ್ತಿತು. ಯಾಕೆ ಅಂತ ಕೇಳಿದೆ. ವಾಗ್ದೇವಿ ಹೇಳಿದ್ದು ಇಷ್ಟು. ಎರಡು ವರ್ಷದ ಹಿಂದೆ ಅವಳಿಗೆ ಹೆರಿಗೆಯಾದಾಗ ಬಸವಣ್ಣೆಮ್ಮ ಸೊರಬಕ್ಕೆ ಹೋಗಿದ್ದಳು. ಗಂಡನ ಮುಂದೆಯೂ ನಾಚುತ್ತಿದ್ದ ತಾನು ಮೂರನೇ ದಿನಕ್ಕೆ ಈಕೆಯ ಮುಂದೆ ಹಾಯಾಗಿ ಕೂತೆ, ಅದು ಹೇಗಾಯಿತು ಅಂತ ತಿಳಿಯಲಿಲ್ಲ, ತಿಳಿದುಕೊಳ್ಳಬೇಕು ಅನ್ನಿಸಿತು ಅಂದಳು. ನೀರು ಹಾಕುವುದನ್ನು ಪಟ ತೆಗೆಯಲೇ ಎಂದು ಕೇಳಿದ್ದಕ್ಕೆ ಬಸವಣ್ಣೆಮ್ಮ ಸಾರಾಸಗಟಾಗಿ ಬೇಡ ಅಂದಿದ್ದಳಂತೆ. ಬಾಣಂತಿಯರ ಮೈ ತೋರಿಸುವುದಕ್ಕೆ ತಾನು ಯಾರು, ತೆಗೆಯುವುದಿದ್ದರೆ ತನ್ನದನ್ನು ತೆಗೆ ಎಂದಿದ್ದಳಂತೆ. ಸೀರೆ ಉಟ್ಟು ತೆಗೆಸಿಕೊಳ್ಳಬಹುದಲ್ಲ ಅಂತ ನಾನು ಬಾಯಿ ಹಾಕಿದೆ.

“ಸೀರೆ ಉಟ್ರೆ ಸೀರೆ ಕಾಣತ್ರಿ,” ಅಂದಳು ಬಸವಣ್ಣೆಮ್ಮ. “ನಲವತ್ತು ವರ್ಷ ಬಿಸಿನೀರು ಎತ್ತಿ ಹುಯ್ದ ತೋಳು ಹೆಂಗಾಗೈತಿ, ಹಬೆ ಬಡಿದ ಎದೆ ಹೆಂಗಾಗೈತಿ, ಯಾರು ನೋಡ್ಯಾರ? ಊರ ಹೆಂಗಸರ ಮೈಯೆಲ್ಲ ನಾ ನೋಡೀನಿ. ನಂದು ನಾನೇ ಪೂರ್ತಿ ನೋಡಿಲ್ಲ.”

ನಾನು ಮತ್ತೆ ಪೆನ್ನು ಕೈಗೆತ್ತಿಕೊಂಡೆ. ವಾಗ್ದೇವಿಯ ಹತ್ತಿರ ಇಂಗ್ಲಿಷಿನ ಒಂದು ನಮೂನೆ ಇತ್ತು, ಒಪ್ಪಿಗೆ ಪತ್ರ, ಮೂರು ಪುಟ. ಓದಲು ಬಾರದ್ದಕ್ಕೆ ಹೆಬ್ಬೆಟ್ಟೂ ಒತ್ತುವುದಿಲ್ಲ, ಸಹಿಯೂ ಹಾಕುವುದಿಲ್ಲ ಎಂದು ಬಸವಣ್ಣೆಮ್ಮ ಹಟ ಹಿಡಿದಿದ್ದಳು. ಆಕೆಯ ಮನೆ ಜಾಗದ ಪತ್ರ ಬರೆದವನು ನಾನು. ಇವತ್ತಿನವರೆಗೂ ಆ ಜಾಗದ ತಂಟೆಗೆ ಯಾರೂ ಬಂದಿಲ್ಲ, ಹಾಗಾಗಿ ಇದನ್ನೂ ಉಚ್ಚಂಗಪ್ಪಣ್ಣನೇ ಬರೆಯಬೇಕು ಎಂದು ಕರೆದುಕೊಂಡು ಬಂದಿದ್ದಳು. ಹೊಗಳಿಕೆ ಕೇಳಿ ನಾನು ಸ್ವಲ್ಪ ಮೆತ್ತಗಾದೆ, ಅದನ್ನು ಮುಚ್ಚಿಡುವುದಿಲ್ಲ.

ಸ್ವತ್ತು ಯಾರದು ಎಂದು ಶುರು ಮಾಡಿದೆ. ನಂದು ಅಂದಳು ಬಸವಣ್ಣೆಮ್ಮ. ಮೈ ಅವರದು, ಆದರೆ ಪಟದ ಹಕ್ಕು ಕಾನೂನಿನ ಪ್ರಕಾರ ಸಾಮಾನ್ಯವಾಗಿ ತೆಗೆದವರಿಗೇ ಸೇರುತ್ತದೆ ಎಂದಳು ವಾಗ್ದೇವಿ. ನನಗೆ ತಲೆ ಕೆಟ್ಟಿತು. ಪಹಣಿಯಲ್ಲಿ ಒಬ್ಬರ ಹೆಸರಿದ್ದು ಅನುಭವದಲ್ಲಿ ಇನ್ನೊಬ್ಬರಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ನೆಲದ ಒಡತಿಗೆ ಬೆಳೆಯ ಮೇಲೆ ಮಾತೇ ಇಲ್ಲ ಅಂದರೆ ಅದೆಂಥ ಕಾನೂನು ಅಂತ ರೇಗಿದೆ. ಅದಕ್ಕೇ ನಿಮ್ಮ ಹತ್ತಿರ ಬಂದಿದ್ದು, ನನ್ನ ಕೈ ಕಟ್ಟುವ ಹಾಗೆ ಬರೆಯಿರಿ ಅಂದಳು ವಾಗ್ದೇವಿ. ಪತ್ರ ಬರೆಸಲು ಬಂದು ತನ್ನ ಕೈಯನ್ನೇ ಕಟ್ಟಿಸಿಕೊಳ್ಳುವ ಗಿರಾಕಿಯನ್ನು ನಾನು ಕಂಡದ್ದು ಅವತ್ತೇ ಮೊದಲು. ಹುಡುಗಿಯ ಮೇಲಿದ್ದ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು.

ಮಧ್ಯಾಹ್ನದವರೆಗೆ ಕೂತೆವು. ಒಂದು ಎಕರೆ ಗದ್ದೆಗೂ ನಾನು ಅಷ್ಟು ಪ್ರಶ್ನೆ ಕೇಳಿದವನಲ್ಲ. ಪಟ ತೆಗೆಯುವಾಗ ಗಂಡಸರು ಯಾರೂ ಆ ಮನೆಯಲ್ಲಿರಬಾರದು. ತೆಗೆದ ಒಂದೊಂದನ್ನೂ ಬಸವಣ್ಣೆಮ್ಮ ನೋಡಬೇಕು, ಬೇಡ ಅಂದದ್ದನ್ನು ಆಕೆಯ ಕಣ್ಣೆದುರೇ ಅಳಿಸಬೇಕು. ಗೋಡೆಗೆ ನೇತು ಹಾಕಬಹುದು, ಜನ ಬಂದು ನಿಂತು ನೋಡಬಹುದು, ಫೋನಿಗೆ, ಇಂಟರ್ನೆಟ್ಟಿಗೆ ಹಾಕಬಾರದು. ಮುಖ ಕಾಣದ ಹಾಗೆ ಅಂತ ಸೇರಿಸಲೇ ಎಂದು ಕೇಳಿದೆ. ಮುಖ ಇಲ್ಲದಿದ್ದರೆ ಅದು ಯಾರ ಮೈ ಅಂತ ಆಕೆಯೇ ನನ್ನನ್ನು ಕೇಳಿದಳು. ಹಾಗಾಗಿ ಮುಖ ಇರತಕ್ಕದ್ದು ಎಂದೇ ಬರೆದೆ. ಐದನೆಯ ಷರತ್ತು ಹೇಳುವಾಗ ಮಾತ್ರ ಆಕೆ ಮೇಜಿನ ಮೇಲೆ ಕೈಯಿಟ್ಟು ಹೇಳಿದಳು. ತಾನು ಸಾಕು ಅಂದ ದಿನ ಪಟಗಳನ್ನೆಲ್ಲ ಇಳಿಸಬೇಕು, ಕಾರಣ ಕೇಳಬಾರದು. ಕಾರಣ ಕೇಳದೆ ಹೇಗಾಗುತ್ತೆ ಅಂತ ನಾನು ತಗಾದೆ ತೆಗೆದೆ. ಬಚ್ಚಲಲ್ಲಿ ಬಾಣಂತಿ ಸಾಕು ಅಂದರೆ ತಾನು ಸೋಪು ಅರ್ಧ ಹಚ್ಚಿದ್ದರೂ ಕೈ ತೆಗೆಯುತ್ತೇನೆ, ಯಾಕೆ ಅಂತ ಕೇಳುವುದಿಲ್ಲ ಅಂದಳು. ವಾಗ್ದೇವಿ ಹೌದೆಂದು ತಲೆಯಾಡಿಸಿದಳು. ಬರೆದೆ.

ಕಂಪ್ಯೂಟರಿನಲ್ಲಿ ಹಳೆಯ ಪತ್ರವೊಂದನ್ನು ತೆರೆದು, ಹೆಸರು ವಿವರಗಳನ್ನು ಬದಲಾಯಿಸಿ ಹೊಸ ಪತ್ರ ಮಾಡುವುದು ನಮ್ಮ ಪದ್ಧತಿ. ಹಾಗೆಯೇ ಮಾಡಿದೆ. ಎರಡು ಹಾಳೆಯಾಯಿತು. ಮೊದಲ ಹಾಳೆಯಲ್ಲಿದ್ದ ಐದೂ ಷರತ್ತನ್ನು ಗಟ್ಟಿಯಾಗಿ ಓದಿ ಹೇಳಿದೆ. ಎರಡನೆಯ ಹಾಳೆಯಲ್ಲಿ ಇದ್ದದ್ದು ಎಲ್ಲ ಪತ್ರಗಳ ಕೊನೆಗೂ ಬರುವ ಒಕ್ಕಣೆ, ಅದನ್ನು ನಾನು ಇಷ್ಟು ವರ್ಷದಲ್ಲಿ ಯಾರಿಗೂ ಓದಿ ಹೇಳಿದವನಲ್ಲ. “ಮುಂದಿನದು ಮಾಮೂಲಿ,” ಎಂದು ಸಹಿಯ ಜಾಗ ತೋರಿಸಿದೆ. ಬಸವಣ್ಣೆಮ್ಮ ಕೂಡಿಸಿ ಕೂಡಿಸಿ ತನ್ನ ಹೆಸರು ಬರೆದಳು. ವಾಗ್ದೇವಿ ಬರೆದಳು. ಪತ್ರ ಬರೆದವನು ಸಹಿ ಹಾಕುವ ಜಾಗಕ್ಕೆ ಬಿಕ್ಕಲಂ ಅನ್ನುತ್ತೇವೆ. ಅಲ್ಲಿ ನಾನು ಉಚ್ಚಂಗಪ್ಪ ಎಂದು ದೊಡ್ಡದಾಗಿ ಹಾಕಿದೆ.

ಪಟ ತೆಗೆದದ್ದು ಬಸವಣ್ಣೆಮ್ಮನ ಮನೆಯ ಬಚ್ಚಲಲ್ಲಿ. ಅಲ್ಲಿ ಏನಾಯಿತೆಂದು ತಿಳಿಯುವ ಹಂಬಲ ನನಗೆ ತಡೆಯಲಾರದಷ್ಟಿತ್ತು. ಪತ್ರದ ನಕಲು ಒಯ್ಯಲು ಬಂದ ವಾಗ್ದೇವಿಯನ್ನು ಕೂರಿಸಿಕೊಂಡು ಕಾಫಿ ತರಿಸಿ ಕೇಳಿದೆ. ಮೊದಲ ದಿನ ಒಂದೂ ಪಟ ತೆಗೆಯಲಿಲ್ಲವಂತೆ. ಬಸವಣ್ಣೆಮ್ಮ ಕ್ಯಾಮೆರಾ ಇಸಿದುಕೊಂಡು ಅದರೊಳಗಿಂದ ವಾಗ್ದೇವಿಯನ್ನೇ ತುಂಬಾ ಹೊತ್ತು ನೋಡಿದಳಂತೆ, ಇದಕ್ಕೆ ಏನೇನು ಕಾಣುತ್ತದೆ ಅಂತ ತನಗೆ ಗೊತ್ತಾಗಬೇಕು ಅಂದಳಂತೆ. ಮರುದಿನ ಕ್ಯಾಮೆರಾ ಎತ್ತಿ ಎತ್ತಿ ಇಳಿಸಿದ್ದು ವಾಗ್ದೇವಿ. ಬಸವಣ್ಣೆಮ್ಮ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತು, ನಿಧಾನಕ್ಕೆ ತೆಗಿಯವ್ವ, ನೀರು ಕಾಯಲಿ ಅಂದಳಂತೆ. ಆಮೇಲೆ ಒಂದೊಂದೇ ಪಟ ನೋಡಿದಳು. ಹೊಟ್ಟೆ ಜೋತದ್ದು, ಸುಟ್ಟ ಕಲೆ ಕಂಡದ್ದು ಇರಲಿ ಅಂದಳು. ತನ್ನನ್ನು ನೋಡಿ ಪಾಪ ಅನ್ನಿಸುವ ಹಾಗೆ ಬಂದದ್ದನ್ನೆಲ್ಲ ಅಳಿಸಿಸಿದಳು. ಉಳಿದದ್ದು ಒಂಬತ್ತು.

ಮಾರ್ಚಿನಲ್ಲಿ ಶಿವಮೊಗ್ಗದಲ್ಲಿ ಆ ಒಂಬತ್ತನ್ನು ಗೋಡೆಗೆ ಹಾಕಿದರು. ನೀಲಾಂಬಿಕ, ರಕ್ಷಿತಾ ಇಬ್ಬರೂ ಹೊರಟರು. ನಾನೂ ಹೋದೆ. ಬಾಗಿಲವರೆಗೆ ಹೋದವನು ಅಲ್ಲೇ ನಿಂತುಬಿಟ್ಟೆ. ಷರತ್ತಿನಲ್ಲಿ ನನ್ನಂಥವನು ನೋಡಬಾರದು ಅಂತ ಇರಲಿಲ್ಲ, ಬರೆದವನು ನಾನೇ ಅಲ್ಲವೇ. ಆದರೂ ನಾಳೆ ಬಸ್ ಸ್ಟ್ಯಾಂಡಿನಲ್ಲಿ ಬಸವಣ್ಣೆಮ್ಮ ಎದುರಾದರೆ ಅವಳ ಮುಖ ಹೇಗೆ ನೋಡಲಿ ಅಂತ ಸಂಕೋಚವಾಯಿತು. ಹೊರಗೆ ಕಲ್ಲುಬೆಂಚಿನ ಮೇಲೆ ಕೂತೆ. ಒಳಗಿಂದ ಬಂದ ರಕ್ಷಿತಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಏನಿತ್ತು ಅಂತ ನೀಲಾಂಬಿಕಳನ್ನು ದಾರಿಯುದ್ದಕ್ಕೂ ಕೇಳಿದೆ. ಬಸ್ಸು ಶಿಕಾರಿಪುರ ಮುಟ್ಟುವಾಗ, ನೋಡಬೇಕಿದ್ದರೆ ಒಳಗೆ ಬರಬೇಕಿತ್ತು ಅಂದಳು.

ಅಲ್ಲಿಗೆ ಎಲ್ಲ ಚೆನ್ನಾಗಿತ್ತು. ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ವಾಗ್ದೇವಿ ಸೊರಬದ ಮೊದಲ ಬಸ್ಸಿಗೇ ಬಂದು, ನಾನು ಬೀಗ ತೆಗೆಯುವ ಮುಂಚೆಯೇ ಅಂಗಡಿ ಬಾಗಿಲಲ್ಲಿ ನಿಂತಿದ್ದಳು. ಶಿವಮೊಗ್ಗದಲ್ಲಿ ಪಟ ನೋಡಿದ ಒಂದು ದೊಡ್ಡ ಕಲಾಸಂಸ್ಥೆಯವರು, ಬೇರೆ ಊರುಗಳಲ್ಲೂ ತೋರಿಸುತ್ತೇವೆಂದು ಒಂಬತ್ತನ್ನೂ ತೆಗೆದುಕೊಂಡು ಹೋಗಿದ್ದರು. ಷರತ್ತು ಗೊತ್ತಿರಲಿ ಎಂದು ವಾಗ್ದೇವಿ ನಮ್ಮ ಪತ್ರದ ನಕಲನ್ನೂ ಕೊಟ್ಟಿದ್ದಳು. ಅವರು ಪಟಗಳನ್ನು ಇಂಟರ್ನೆಟ್ಟಿಗೆ ಹಾಕಿದ್ದರು, ಪುಸ್ತಕವನ್ನೂ ಮಾಡಿದ್ದರು. ಅದೇ ಹೊತ್ತಿಗೆ ಬಸವಣ್ಣೆಮ್ಮ ಸೊರಬದಲ್ಲಿ ವಾಣಿಶ್ರೀ ಎಂಬ ಚೊಚ್ಚಲ ಬಾಣಂತಿಗೆ ನೀರು ಹಾಕುತ್ತಿದ್ದಳು. ಯಾರೋ ನೆಂಟರು ಫೋನಿನಲ್ಲಿ ಪಟ ತೋರಿಸಿದರು. ಮರುದಿನದಿಂದ ವಾಣಿಶ್ರೀ ಬಚ್ಚಲಿಗೆ ಸೀರೆಯುಟ್ಟೇ ಬಂದು ಕೂತಳು. ನೀರು ಬೀಳುವಾಗಲೂ ಒದ್ದೆ ಸೀರೆ ಬಿಗಿಹಿಡಿದು, ಮೂಲೆಯಲ್ಲಿ ಎಲ್ಲಾದರೂ ಫೋನ್ ಇದೆಯೇ ಎಂದು ನೋಡುತ್ತಿದ್ದಳು. ಹಾಗಾದ ಮೊದಲ ದಿನವೇ ಬಸವಣ್ಣೆಮ್ಮ ವಾಗ್ದೇವಿಯ ಮನೆಗೆ ಹೋಗಿ, ಸಾಕು, ಇಳಿಸು ಅಂದಳು.

ವಾಗ್ದೇವಿ ಕಾರಣ ಕೇಳಲಿಲ್ಲ. ತನ್ನ ಹತ್ತಿರ ಇದ್ದದ್ದನ್ನೆಲ್ಲ ಅವಳ ಮುಂದೆಯೇ ಅಳಿಸಿದಳು. ಸಂಸ್ಥೆಯವರು ಮಾತ್ರ, ನಿಮ್ಮ ಪತ್ರದಲ್ಲೇ ಹಕ್ಕು ಬಿಟ್ಟುಕೊಟ್ಟಿದ್ದೀರಿ, ಇಳಿಸಲು ಆಗುವುದಿಲ್ಲ ಎಂದು ಕಾಗದ ಬರೆದಿದ್ದರು. ಆ ಕಾಗದವನ್ನು, ಜೊತೆಗೆ ನಮ್ಮ ಪತ್ರದ ಎರಡನೆಯ ಹಾಳೆಯನ್ನು ವಾಗ್ದೇವಿ ನನ್ನ ಮೇಜಿನ ಮೇಲೆ ಇಟ್ಟಳು. ನಾನು ಕನ್ನಡಕ ಹಾಕಿಕೊಂಡು ನನ್ನದೇ ಒಕ್ಕಣೆಯನ್ನು ಓದಿದೆ. ‘ಸದರಿ ಸ್ವತ್ತನ್ನು ಇಂದಿನಿಂದ ತಾವು ಮತ್ತು ತಮ್ಮ ಹಕ್ಕುದಾರರು ಪುತ್ರಪೌತ್ರ ಪಾರಂಪರ್ಯವಾಗಿ ಆಚಂದ್ರಾರ್ಕವಾಗಿ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು. ಇನ್ನು ಮುಂದೆ ಇದರಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು ಇರುವುದಿಲ್ಲ. ಓದಿಸಿ ಕೇಳಿ, ಸರಿಯಿದೆಯೆಂದು ಒಪ್ಪಿ, ಸ್ವಸಂತೋಷದಿಂದ ಸಹಿ ಮಾಡಿರುತ್ತೇನೆ.’ ಕ್ರಯಪತ್ರದ ಒಕ್ಕಣೆ. ಹಳೆಯ ಕಡತದಲ್ಲಿ ಇದ್ದದ್ದು ಇದ್ದ ಹಾಗೇ ಬಂದು ಕೂತಿತ್ತು. ಸೂರ್ಯಚಂದ್ರರಿರುವ ತನಕ ಎಂಬ ಆ ಮಾತು ನಮ್ಮ ತಾಲೂಕಿನ ಬಂದಳಿಕೆಯ ಕಲ್ಲುಶಾಸನಗಳ ಕಾಲದ್ದು, ಅದನ್ನು ಬರೆಯುವಾಗಲೆಲ್ಲ ನನಗೊಂದು ಹೆಮ್ಮೆಯಿತ್ತು. ಒಬ್ಬ ಹೆಂಗಸಿನ ಬತ್ತಲೆ ಮೈಯನ್ನು ನಾನು ಆ ಮಾತಿನಲ್ಲಿ ಗದ್ದೆ ಮಾರಿದ ಹಾಗೆ ಮಾರಿಬಿಟ್ಟಿದ್ದೆ.

ತಪ್ಪು ಮಾಡಿದಾಗ ನನಗೆ ಮೊದಲು ಬರುವುದು ಕೋಪವೇ. ನೀನು ಓದಿದವಳು, ಸಹಿ ಹಾಕುವ ಮುಂಚೆ ನೋಡಬಾರದಿತ್ತಾ ಅಂತ ವಾಗ್ದೇವಿಯ ಮೇಲೆ ಹರಿಹಾಯ್ದೆ. ಅವಳು ಎದುರಾಡಲಿಲ್ಲ.

“ನೋಡಬೇಕಿತ್ತು ಹೌದು,” ಅಂದಳು. “ಬಸವಣ್ಣೆಮ್ಮ ನಿಮ್ಮನ್ನು ಅಷ್ಟು ನಂಬಿದ್ರಲ್ಲ, ನಾನೂ ನಂಬಿಬಿಟ್ಟೆ. ಈಗ ಎಂತ ಮಾಡೋದು ಹೇಳಿ.”

ಮಧ್ಯಾಹ್ನ ಊಟಕ್ಕೆ ಹೋದವನು ತಟ್ಟೆಗೆ ಕೈ ಹಾಕದೆ ಕೂತಿದ್ದೆ. ನೀಲಾಂಬಿಕ ಕೇಳಿದಳು, ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ರಕ್ಷಿತಾಳ ಬಾಣಂತನದಲ್ಲಿ ಮಗಳು ದಿನಾ ಬಚ್ಚಲಲ್ಲಿ ಅಳುತ್ತಿದ್ದದ್ದು, ಏನು ವಿಷಯ ಅಂತ ನಾನು ಬಸವಣ್ಣೆಮ್ಮನನ್ನು ಅಡ್ಡ ಹಾಕಿ ಕೇಳಿದ್ದು, ಆಕೆ ನೀರು ಹದವಾಗಿತ್ತು ಎಂದಷ್ಟೇ ಹೇಳಿ ಹೋದದ್ದು ನಿಮಗೆ ನೆನಪಿದೆಯಾ ಅಂದಳು. ನೆನಪಿತ್ತು. ಅಪ್ಪನಾದ ನನಗೂ ಆಕೆ ಬಾಯಿ ಬಿಟ್ಟಿರಲಿಲ್ಲ, ಆಗ ನಾನು ಅದಕ್ಕೂ ಸಿಟ್ಟು ಮಾಡಿಕೊಂಡಿದ್ದೆ. ರಕ್ಷಿತಾ ಯಾಕೆ ಅತ್ತಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಊಟ ಬಿಟ್ಟು ಎದ್ದು ಸೊರಬದ ಬಸ್ಸು ಹತ್ತಿದೆ.

ವಾಣಿಶ್ರೀಯ ತಾಯಿಮನೆ ಅಡಿಕೆ ಮಂಡಿಯ ಹಿಂದಿನ ಬೀದಿಯಲ್ಲಿತ್ತು. ಬಸವಣ್ಣೆಮ್ಮ ಹಿತ್ತಲಲ್ಲಿ ಮಗುವಿನ ಬಟ್ಟೆ ಒಣಹಾಕುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಕೊನೆಯ ಹಾಳೆ ಓದಿ ಹೇಳಲಿಲ್ಲ, ಅದರಲ್ಲಿ ಹೀಗಿತ್ತು, ನನ್ನಿಂದ ತಪ್ಪಾಯಿತು ಅಂದೆ. ತಪ್ಪಾಯಿತು ಎಂಬ ಮಾತನ್ನು ಕೊನೆಯ ಸಲ ಯಾರಿಗೆ ಹೇಳಿದ್ದೆನೋ ನನಗೇ ಜ್ಞಾಪಕವಿಲ್ಲ.

“ನೀವು ಓದಲಿಲ್ಲ ಅಂತ ಅವತ್ತೇ ಗೊತ್ತಿತ್ರಿ,” ಅಂದಳು ಬಸವಣ್ಣೆಮ್ಮ. “ಅಷ್ಟುದ್ದ ಬರ್ದಿದ್ದು ಕಣ್ಣಿಗೆ ಕಾಣ್ತಿತ್ತಲ್ಲ. ಕೇಳಬೇಕು ಅಂತ ಬಾಯಿಗೆ ಬಂತು. ಉಚ್ಚಂಗಪ್ಪಣ್ಣ ಅಲ್ವಾ ಅಂತ ಸುಮ್ನಾದೆ.”

ಕೇಳಬೇಕಿತ್ತು, ಬಾಯಿಗೆ ಬಂದದ್ದನ್ನು ಯಾಕೆ ನುಂಗಿಕೊಂಡೆ ಅಂತ ನಾನು ಜೋರು ಮಾಡಿದೆ. ಆಕೆ ಕೈಯಲ್ಲಿದ್ದ ಲಂಗೋಟಿಯನ್ನು ಹಿಂಡಿ ತಂತಿಗೆ ಹಾಕಿ ನನ್ನ ಕಡೆ ತಿರುಗಿದಳು.

“ಕಣ್ಣಿಗೆ ಸೋಪು ಬೀಳತ್ತೆ, ಮುಚ್ಕೊ ಅಂತೀನ್ರಿ ಬಾಣಂತಿಗೆ. ಮುಚ್ಕೊಂತಾಳೆ. ಅಕಿ ಕಣ್ಣು ಮುಚ್ಚಿದ್ಮೇಲೆ ನಾನು ಎಷ್ಟು ಹುಷಾರಾಗಿರ್ತೀನಿ ಗೊತ್ತಾ ನಿಮಗೆ?”

ನಾನು ತಲೆ ತಗ್ಗಿಸಿದೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಏನು ಮಾಡಲಿ ಹೇಳು ಅಂದೆ. ಆಕೆಗೆ ಬೇಕಾಗಿದ್ದು ಒಂದೇ, ಪಟ ಇಳಿಯಬೇಕು. ವಾಣಿಶ್ರೀ ಒಬ್ಬಳೇ ಅಲ್ಲ, ಮುಂದಿನ ತಿಂಗಳು ಕರೆದಿದ್ದ ಆನವಟ್ಟಿಯ ಮನೆಯವರೂ ಯೋಚನೆ ಮಾಡಿ ಹೇಳುತ್ತೇವೆ ಅಂದಿದ್ದರು. ಬಚ್ಚಲಲ್ಲಿ ತನ್ನ ಮುಂದೆ ಹೆಂಗಸರು ಮೈ ಬಿಗಿಹಿಡಿದು ಕೂತರೆ ತಾನು ಬದುಕಿ ಏನು ಮಾಡಲಿ ಎಂದು ಆಕೆ ಕೇಳಿದಾಗ ಮೊದಲ ಸಲ ದನಿ ಒಡೆಯಿತು.

ಶಿಕಾರಿಪುರದ ವಕೀಲ ಈಶ್ವರ್ ನನಗೆ ಬಹಳ ಕಾಲದ ಪರಿಚಯ. ದಾರಿ ಒಂದಿದೆ, ಆದರೆ ಆ ಕಡೆ ಹೋಗಬೇಡಿ ಅಂದರು. ಕೊನೆಯ ಹಾಳೆಯನ್ನು ಓದಿ ಹೇಳಿಲ್ಲ, ಅದು ಬೇರೆ ಪತ್ರದ ಒಕ್ಕಣೆ, ಕೈತಪ್ಪಿ ಸೇರಿಕೊಂಡಿದ್ದು ಎಂದು ಪತ್ರ ಬರೆದವನೇ ಪ್ರಮಾಣ ಮಾಡಿ ಬರೆದುಕೊಟ್ಟರೆ ಸಂಸ್ಥೆಯವರು ಹಿಂದೆ ಸರಿದಾರು. ಆದರೆ ಓದಿಸಿ ಕೇಳಿ ಒಪ್ಪಿದ್ದಾರೆ ಎಂದು ನಾನು ಬಿಕ್ಕಲಂ ಹಾಕಿದ ಪತ್ರಗಳು ಈ ತಾಲೂಕಿನ ಮನೆಮನೆಯ ಟ್ರಂಕಿನಲ್ಲಿವೆ. ಉಚ್ಚಂಗಪ್ಪ ಓದಿ ಹೇಳುವುದಿಲ್ಲ ಎಂದು ಉಚ್ಚಂಗಪ್ಪನೇ ಬರೆದುಕೊಟ್ಟ ಕಾಗದ ಹೊರಗೆ ಬಂದರೆ ಅಣ್ಣತಮ್ಮಂದಿರ ಜಗಳಕ್ಕೆಲ್ಲ ಅದೇ ಸಾಕ್ಷಿಯಾಗುತ್ತದೆ, ಲೈಸೆನ್ಸಿಗೂ ಕುತ್ತು ಬರಬಹುದು ಅಂದರು. ಎರಡು ದಿನ ನಾನು ಅಂಗಡಿಗೇ ಹೋಗಲಿಲ್ಲ. ಹೆದರಿಕೆಯಾಗಿತ್ತು, ಬೇರೇನಲ್ಲ. ಮೂರನೆಯ ದಿನ ಹಳೆಯ ಕಡತ ಯಾವುದನ್ನೂ ತೆರೆಯದೆ, ಖಾಲಿ ಹಾಳೆಯಲ್ಲಿ ಕೈಯಿಂದಲೇ ಬರೆದು ನೋಟರಿಯ ಮುಂದೆ ಪ್ರಮಾಣ ಮಾಡಿದೆ.

ವಿಷಯ ವಾರದೊಳಗೆ ಊರಿಗೆಲ್ಲ ಗೊತ್ತಾಯಿತು. ಚಿಕ್ಕಬೀರಪ್ಪನ ಮೇಜಿನ ಮುಂದೆ ಜನ ಹೆಚ್ಚಾದರು. ಇಬ್ಬರು ತಮ್ಮ ಹಳೆಯ ವಿಭಾಗಪತ್ರ ತಂದು, ಇದನ್ನಾದರೂ ಓದಿದ್ರಾ ಅಂತ ನನ್ನನ್ನು ನಿಲ್ಲಿಸಿ ಕೇಳಿದರು. ಅವರಲ್ಲಿ ಒಬ್ಬನನ್ನು ಹೊಡೆಯುವಷ್ಟು ಸಿಟ್ಟು ನನಗೆ ಬಂತು. ಕೂರಿಸಿ, ಅವನ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಅವನು ಅರ್ಧಕ್ಕೇ ಆಕಳಿಸಿದ, ನಾನು ಬಿಡಲಿಲ್ಲ.

ಜುಲೈ ಮೊದಲ ವಾರ ಸಂಸ್ಥೆಯವರ ಉತ್ತರ ಬಂತು. ಅದನ್ನು ತೆಗೆದುಕೊಂಡು ನಾನೂ ವಾಗ್ದೇವಿಯೂ ವಾಣಿಶ್ರೀಯ ಮನೆಗೆ ಹೋದೆವು. ಬಸವಣ್ಣೆಮ್ಮ ಬಚ್ಚಲೊಲೆಗೆ ಬೆಂಕಿ ಹಾಕಿ ಬಂದು ಜಗಲಿಯಲ್ಲಿ ಕೂತಳು. ಓದಲು ಬಾಯಿ ತೆಗೆದೆ. ತಡೀರಿ ಎಂದು ಕೈ ಅಡ್ಡ ಹಿಡಿದು ವಾಣಿಶ್ರೀಯನ್ನು ಕರೆದಳು. ಅವಳೂ ಕೇಳಲಿ ಅಂದಳು. ಹುಡುಗಿ ಮಗುವನ್ನು ಎತ್ತಿಕೊಂಡು ಹೊಸ್ತಿಲ ಒಳಗೆ, ಬಾಗಿಲ ಮರೆಯಲ್ಲಿ ಕೂತಳು. ನನಗೆ ಸೆರಗಿನ ಅಂಚು ಮಾತ್ರ ಕಾಣುತ್ತಿತ್ತು.

ನಾನು ಓದಿದೆ. ಮೊದಲು ನಮ್ಮ ಪತ್ರ, ಐದು ಷರತ್ತು, ಆಮೇಲೆ ಆ ಎರಡನೆಯ ಹಾಳೆ. ಅದಾದ ಮೇಲೆ ನನ್ನ ಪ್ರಮಾಣಪತ್ರ. ಮೂವತ್ತಾರು ವರ್ಷದಿಂದ ನಾನು ಈ ಭಾಗವನ್ನು ಯಾರಿಗೂ ಓದಿ ಹೇಳಿರುವುದಿಲ್ಲ ಎಂಬ ಸಾಲು ಬಂದಾಗ ನಿಲ್ಲಿಸಿ, ನೀರು ಕುಡಿದು ಓದಿದೆ. ಕೊನೆಗೆ ಸಂಸ್ಥೆಯವರ ಉತ್ತರ. ಗೋಡೆಯಿಂದ ಪಟಗಳನ್ನು ಇಳಿಸಿದ್ದಾರೆ, ಇಂಟರ್ನೆಟ್ಟಿನಿಂದ ತೆಗೆದಿದ್ದಾರೆ, ಉಳಿದ ಪುಸ್ತಕಗಳನ್ನು ಮಾರುವುದಿಲ್ಲ. ಈಗಾಗಲೇ ಜನರ ಕೈಗೆ ಹೋಗಿರುವ ಪುಸ್ತಕಗಳನ್ನು, ಜನ ತಮ್ಮ ಫೋನಿಗೆ ಇಳಿಸಿಕೊಂಡಿರುವುದನ್ನು ವಾಪಸು ತರಲು ಸಾಧ್ಯವಿಲ್ಲ. ಆ ಕೊನೆಯ ಮಾತನ್ನು ಓದುವುದು ಎಷ್ಟು ಕಷ್ಟವಾಯಿತೆಂದರೆ ನನ್ನ ದನಿ ನನಗೇ ಕೇಳಿಸಲಿಲ್ಲ. ಬಸವಣ್ಣೆಮ್ಮ ಇನ್ನೊಂದು ಸಲ ಓದಿ ಅಂದಳು. ಓದಿದೆ.

ಆಕೆ ತನ್ನ ಕೈಗಳನ್ನು ನೋಡಿಕೊಂಡಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಬಾಗಿಲ ಕಡೆ ತಿರುಗಿದಳು.

“ಕೇಳಿದ್ಯಾ ಮಗಾ? ನನ್ನ ಪಟ ಎಲ್ಲೆಲ್ಲೋ ಐತಿ, ಪೂರ್ತಿ ವಾಪಸ್ ಬರಂಗಿಲ್ಲ. ತೆಗಿ ಅಂದಿದ್ದು ನಾನೇ. ನಿಂದು ಯಾವತ್ತೂ ಯಾರೂ ತೆಗೆದಿಲ್ಲ. ನಂಬೋದು ಬಿಡೋದು ನಿಂಗೆ ಸೇರಿದ್ದು.”

ಮಗು ಒಮ್ಮೆ ಅತ್ತು ಸುಮ್ಮನಾಯಿತು. ತುಸು ಹೊತ್ತಾದ ಮೇಲೆ ವಾಣಿಶ್ರೀ ಎದ್ದಳು, ಮಗುವನ್ನು ಹೊರಗೆ ತಂದು ವಾಗ್ದೇವಿಯ ಮಡಿಲಿಗೆ ಕೊಟ್ಟು, ನೀರು ಕಾದಿದೆಯಾ ಅಂತ ಬಸವಣ್ಣೆಮ್ಮನನ್ನು ಕೇಳಿದಳು. ಇಬ್ಬರೂ ಹಿತ್ತಲ ಕಡೆಗೆ ಹೋದರು. ಬಚ್ಚಲ ಬಾಗಿಲು ಹಾಕಿದ ಸದ್ದಾಯಿತು.

ನಾವು ಜಗಲಿಯಲ್ಲಿ ಕೂತೆವು. ಒಳಗೆ ಏನಾಗುತ್ತಿದೆ ಅಂತ ನನಗೆ ಕುತೂಹಲ. ಹುಡುಗಿ ಸೀರೆಯುಟ್ಟೇ ಕೂತಳೋ ಇಲ್ಲವೋ? ವಾಗ್ದೇವಿಯ ಮುಖ ನೋಡಿದೆ, ಅವಳು ಮಗುವಿನ ಮುಖ ನೋಡುತ್ತಿದ್ದಳು. ಮೂರು ಗಂಟೆಯ ಬಸ್ಸು ಹೋಯಿತು. ಅರ್ಧ ಗಂಟೆ ಆಗಿರಬೇಕು, ವಾಣಿಶ್ರೀಯ ಅಜ್ಜಿ ಹಿತ್ತಲಿಂದ ಅವಸರವಾಗಿ ಬಂದರು. ಹಂಡೆ ಖಾಲಿಯಾಯಿತಂತೆ, ಹುಡುಗಿ ಇನ್ನೂ ಹುಯ್ಯಿ ಅಂತಿದ್ದಾಳಂತೆ, ಒಂದು ತಿಂಗಳಿಂದ ಅರ್ಧ ಹಂಡೆಯೂ ಮುಗಿಯುತ್ತಿರಲಿಲ್ಲ, ಇವತ್ತೇನೋ ಮಾರಾಯ್ರೆ ಎನ್ನುತ್ತಾ ನನ್ನ ಕಡೆ ನೋಡಿದರು. ಮನೆಯಲ್ಲಿ ಗಂಡಸರು ಯಾರೂ ಇರಲಿಲ್ಲ. ನಾನು ಕಾಗದಗಳನ್ನು ಚೀಲಕ್ಕೆ ಹಾಕಿ, ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು, ಬಾವಿ ಎಲ್ಲಿದೆ ಅಂತ ಕೇಳಿದೆ.